ಅಣಕದ ಪೋಸ್ಟರ್ ಫಾರ್ವರ್ಡ್ ಮಾಡುವ ಮುನ್ನ

ಗುಂಪಿನ ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಒಂದೇ ಅಣಕದ ಚಿತ್ರ ಬೇರೆ ಬೇರೆಯವರಿಂದ ಬರುತ್ತಲೇ ಇದೆ. ಹೆಚ್ಚಿನವರು ಹಾಕಿದ್ದು ಬೈಯುವುದಕ್ಕೇ. ಚಿತ್ರ ಮಾಡಿದವರಿಗೆ ಬೇಕಾದ್ದೂ ಅದೇ.

2022ರ ಸೆಪ್ಟೆಂಬರ್‌ನ 'ಪೇಸಿಎಂ' ನೆನಪಿದೆಯಲ್ಲ? ಪೇಟಿಎಂ ಧಾಟಿಯ ಪೋಸ್ಟರ್, ಕ್ಯೂಆರ್ ಕೋಡ್ ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ. ಸ್ಕ್ಯಾನ್ ಮಾಡಿದರೆ, ಸರ್ಕಾರಿ ಕಾಮಗಾರಿಗಳಲ್ಲಿ 40 ಪರ್ಸೆಂಟ್ ಕಮಿಷನ್ ಹೊಡೆಯುತ್ತಾರೆ ಅನ್ನುವ ಆರೋಪದ ಕಾಂಗ್ರೆಸ್ ವೆಬ್‌ಸೈಟ್. ಚುರುಕು ಐಡಿಯಾ, ಒಪ್ಪಲೇಬೇಕು. ಆದರೆ ಬೆಂಗಳೂರಿನ ಗೋಡೆಗಳ ಮೇಲಿದ್ದದ್ದು ಮನೆಮನೆಗೆ ಹೋಗಿದ್ದು ಕೇಸು, ಬಂಧನ ಶುರುವಾದ ಮೇಲೆ. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ತಾವೇ ಪೋಸ್ಟರ್ ಅಂಟಿಸಲು ಬೀದಿಗಿಳಿದರು. ಆರೋಪ ನಿಜವೋ ಸುಳ್ಳೋ ಅನ್ನುವುದಕ್ಕಿಂತ ಪೋಸ್ಟರ್ ಗಲಾಟೆಯೇ ಜೋರಾಯಿತು. 2023ರಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದದ್ದು ಇದೊಂದರಿಂದಲೇ ಅಂತ ನಾನು ಹೇಳೋಲ್ಲ.

ಹಾಗಾಗಿ ಯಾವ ಪಕ್ಷದ್ದಾದರೂ ಸರಿ, ಬೈಯಬೇಕೆನಿಸಿದರೆ ಚಿತ್ರ ಹಾಕದೆ ಬೈಯಿರಿ. ಹಾಕಲೇಬೇಕಿದ್ದರೆ ಮಾಡಿದ್ದು ಯಾರು, ಯಾವಾಗಿನದು ಅಂತ ಎರಡು ಸಾಲು ಬರೆಯಿರಿ. ಜಾತಿ, ದೇವರು, ಯಾರದೋ ಮನೆ ಹೆಣ್ಣುಮಕ್ಕಳನ್ನು ಎಳೆದು ತರುವ ಅಣಕ ಕಂಡರೆ ಕೇಳದೆ ಅಳಿಸುತ್ತೇನೆ. ಶುಭೋದಯದ ಹೂವುಗಳಿಗೆ ಎಂದಿನಂತೆ ಅಡ್ಡಿಯಿಲ್ಲ.

– ಅಡ್ಮಿನ್