ಕೆಟಗರಿ ಪುಟ ಸರಿಮಾಡಿಕೊಟ್ಟ ಸಹಾಯವಾಣಿ ಮೇಡಂಗೆ

ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಮಾಡಿದ ನನ್ನ ಸೈಟಿನ ‘ಸುದ್ದಿ’ ವಿಭಾಗದಲ್ಲಿ (ಕೆಟಗರಿ) ಉಪವಿಭಾಗಗಳ ಬರಹಗಳೂ ನುಗ್ಗುತ್ತಿದ್ದವು. ಎರಡನೇ ಪುಟ ಒತ್ತಿದರೆ 404, ಅಂದರೆ ‘ಪುಟ ಸಿಗಲಿಲ್ಲ’ ಎಂಬ ದೋಷ. ಬೆಳಗಾದರೆ ಸೈಟ್ ಒಪ್ಪಿಸಬೇಕು. ಸೈಟಿನ ರೂಪ ನಿರ್ಧರಿಸುವ ಥೀಮ್ ಕೋಡ್, ಸೈಟಿಗೆ ಸರ್ವರ್ ಜಾಗ ಕೊಡುವ ಹೋಸ್ಟಿಂಗ್‌ನವರ ಕೆಲಸವಲ್ಲ. ಆದರೂ ಅವರ ಸಹಾಯವಾಣಿಯ ಮೇಡಂ ಮೊದಲು ಥೀಮಿನ ಫಂಕ್ಷನ್ಸ್ ಫೈಲಿನ ಬ್ಯಾಕಪ್ ತೆಗೆಸಿ, ಸಾಲುಸಾಲಾಗಿ ಓದಿಸಿದರು.

ವಿಭಾಗದ ಪುಟ ತೋರಿಸುವ ಟೆಂಪ್ಲೇಟಿನಲ್ಲಿ ಬರೆದಿದ್ದ ಪ್ರತ್ಯೇಕ ಕ್ವೆರಿ (ಬರಹಗಳನ್ನು ತರಿಸುವ ಕೋರಿಕೆ) ಪುಟಕ್ಕೆ 5 ಬರಹ ಕೇಳುತ್ತಿತ್ತು, ಸೆಟ್ಟಿಂಗ್ಸ್‌ನಲ್ಲಿದ್ದದ್ದು 10. ವಿಭಾಗದಲ್ಲಿದ್ದದ್ದು 8 ಬರಹ, ಹಾಗಾಗಿ ಸೆಟ್ಟಿಂಗ್ಸ್ ಪಾಲಿಸುವ ವರ್ಡ್‌ಪ್ರೆಸ್‌ನದೇ ಮುಖ್ಯ ಕ್ವೆರಿಯ ಲೆಕ್ಕದಲ್ಲಿ ಎರಡನೇ ಪುಟವೇ ಇಲ್ಲ. (ಪರ್ಮಾಲಿಂಕ್, ಅಂದರೆ ಪುಟಗಳ ವಿಳಾಸದ ಸೆಟ್ಟಿಂಗ್, ಮತ್ತೆ ಸೇವ್ ಮಾಡುವ ಮಾಮೂಲಿ ಮದ್ದು ಇದಕ್ಕೆ ನಾಟದು.) ಆ ಕ್ವೆರಿ ತೆಗೆಸಿ, ಮುಖ್ಯ ಕ್ವೆರಿ ಓಡುವ ಮುನ್ನವೇ ಅದನ್ನು ತಿದ್ದಲು ಬಿಡುವ ‘ಪ್ರೀ_ಗೆಟ್_ಪೋಸ್ಟ್ಸ್’ ಹುಕ್‌ನಲ್ಲಿ ಪುಟಕ್ಕೆ 5 ಎಂದು ಹಾಕಿಸಿದರು; ಉಪವಿಭಾಗಗಳನ್ನೂ ಎಳೆದು ತರುವ ‘ಕ್ಯಾಟ್’ ಬದಲು ಆ ವಿಭಾಗವನ್ನಷ್ಟೇ ತರುವ ‘ಕೆಟಗರಿ__ಇನ್’, ಅದಕ್ಕೆ ವಿಭಾಗದ ಐಡಿಯ ಅರೇ (ಪಟ್ಟಿ). ಅಡ್ಮಿನ್ ಪುಟ ಕೆಡದಂತೆ ‘ಈಸ್_ಅಡ್ಮಿನ್’ ತಪಾಸಣೆಯನ್ನೂ, ಸೈಟಿನ ಬೇರೆ ಕ್ವೆರಿಗಳು ಕೆಡದಂತೆ ‘ಈಸ್_ಮೇನ್_ಕ್ವೆರಿ’ ತಪಾಸಣೆಯನ್ನೂ ಬರೆಸಿದರು.

“ಈಗ ಎರಡನೇ ಪುಟ ಒತ್ತಿ ಸರ್” ಎಂದು ಲೈನಿನಲ್ಲೇ ಕಾದರು. ತೆರೆಯಿತು. ತುಂಬಾ ಥ್ಯಾಂಕ್ಸ್ ಮೇಡಂ.