ಅರ್ಧ ಟನ್ ಗಾಡಿಗೆ ಒಂದು ಟನ್ನಿನ ಆಕ್ಸಲ್: ಚಿಕ್ಕಪ್ಪನಿಗೆ ಪತ್ರ

ಫೀನಿಕ್ಸ್, ಅರಿಝೋನಾ

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಚಿಕ್ಕಮ್ಮನ ಮಂಡಿನೋವು ಈಗ ಹೇಗಿದೆ, ಬರೆಯಿರಿ. ಫೋಟೋದಲ್ಲಿದ್ದ ಪಿಕಪ್ಪಿಗೆ ದೊಡ್ಡ ಆಕ್ಸಲ್ ಕೂರಿಸುವುದು ಹೇಗೆ ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅದು ಷೆವ್ರೊಲೆ ಕೆ10, ಅರ್ಧ ಟನ್ನಿನ ಫೋರ್ ವೀಲ್ ಡ್ರೈವ್. 1973ರಿಂದ 1987ರವರೆಗೆ ಬಂದ ಚೌಕಾಕಾರದ ಬಾಡಿ. ಗಿಡ್ಡ ತೊಟ್ಟಿಯದು, ಆರೂವರೆ ಅಡಿ; ವೀಲ್‌ಬೇಸ್ 117.5 ಇಂಚು. ಎಂಟಡಿ ತೊಟ್ಟಿಯ ಗಾಡಿಗೆ 131.5. ಈ 14 ಇಂಚಿನ ವ್ಯತ್ಯಾಸವನ್ನು ನೆನಪಿಡಿ, ಇಂಜಿನ್ ಕಡೆಯಿಂದ ಆಕ್ಸಲ್ಲನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿನ ಹತ್ತಿರ ಬಂದಾಗ ಅದೇ ತಲೆನೋವು.

ಇದರ ಹಿಂದಿನ ಆಕ್ಸಲ್ ಸೆಮಿ ಫ್ಲೋಟಿಂಗ್. ಗಾಡಿಯ ಭಾರವನ್ನೂ ಶಾಫ್ಟೇ ಹೊರಬೇಕು, ಚಕ್ರವನ್ನೂ ಅದೇ ತಿರುಗಿಸಬೇಕು. ಶಾಫ್ಟನ್ನು ಹಿಡಿದಿರುವುದು ಒಳಗಿನ ಒಂದು ಸಣ್ಣ ಸಿ-ಕ್ಲಿಪ್. ಶಾಫ್ಟ್ ತುಂಡಾದರೆ ಚಕ್ರವೂ ಹೊರಗೆ ಬಂತು ಅಂತಲೇ. ಒಂದು ಟನ್ನಿನ ಕೆ30 ಗಾಡಿಯ ‘14 ಬೋಲ್ಟ್’ ಆಕ್ಸಲ್ (ಮುಚ್ಚಳಕ್ಕೆ 14 ಬೋಲ್ಟ್ ಇರುವುದರಿಂದ ಆ ಹೆಸರು) ಫುಲ್ ಫ್ಲೋಟಿಂಗ್. ನೀವು ಲಾರಿಯ ಚಕ್ರ ನೆಲದಲ್ಲಿದ್ದ ಹಾಗೇ ಹಬ್ಬಿನ ಬೋಲ್ಟ್ ಬಿಚ್ಚಿ ಶಾಫ್ಟ್ ಎಳೆಯುತ್ತೀರಲ್ಲ, ಥೇಟ್ ಹಾಗೆ. ಭಾರ ಹೊರುವುದು ಹೌಸಿಂಗ್. ಒಳಗಿನ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನ್ ವೀಲ್, 10.5 ಇಂಚು; ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್ನಿಗೆ ಮೂರು ಬೇರಿಂಗ್. ನನ್ನ ಕೇಳಿದರೆ, ಕ್ರೌನ್ ದೊಡ್ಡದು ಅನ್ನುವುದಕ್ಕಿಂತ ಫುಲ್ ಫ್ಲೋಟಿಂಗ್ ಅನ್ನುವ ಕಾರಣಕ್ಕೇ ಇದನ್ನು ಹಾಕಬೇಕು.

ಗುಜರಿಯಲ್ಲಿ ಕೊಳ್ಳುವಾಗ ಮೋಸ ಹೋಗುವುದು ಇಲ್ಲೇ. 9.5 ಇಂಚಿನ ಸೆಮಿ ಫ್ಲೋಟಿಂಗ್ ಒಂದಿದೆ, ಅದರ ಮುಚ್ಚಳಕ್ಕೂ 14 ಬೋಲ್ಟೇ. ಚಕ್ರದ ನಡುವಿನಿಂದ ಹಬ್ ಹೊರಗೆ ಚಾಚಿಕೊಂಡು, ಅದರ ಮುಖದಲ್ಲಿ ಎಂಟು ಬೋಲ್ಟ್ ಕಂಡರೆ ಮಾತ್ರ ನಮಗೆ ಬೇಕಾದ್ದು. ಡಬಲ್ ಟೈರಿನ ಬರೀ ಚಾಸಿ ಗಾಡಿಯ ಹೌಸಿಂಗ್ ಅಗಲ ಕಡಿಮೆ, ಅದು ಬೇಡ. ಮುಂದಕ್ಕೆ ಕೆ30ರದೇ ಡಾನಾ 60 ಆಕ್ಸಲ್. 1977ರಿಂದ ಬಂದ ಇದರಲ್ಲಿ ಡಿಫರೆನ್ಷಿಯಲ್ ಗುಂಡು ಬಲಕ್ಕಿದೆ, ಮುಂದಿನ ಹಿಂದಿನ ಆಕ್ಸಲ್ಲಿಗೆ ಬಲ ಹಂಚುವ ಪೆಟ್ಟಿಗೆ, ಅಂದರೆ ಕೆ10ರ ಟ್ರಾನ್ಸ್‌ಫರ್ ಕೇಸಿನ ಮುಂದಿನ ಶಾಫ್ಟೂ ಬಲಕ್ಕೇ. ಫೋರ್ಡಿನ ಡಾನಾ 60 ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಗುಂಡು ಎಡಕ್ಕಿರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಮುಂದಿನದೂ ಹಿಂದಿನದೂ ಒಂದೇ ಗಾಡಿಯಿಂದ ಬಿಚ್ಚಿದ್ದಾದರೆ ವಾಸಿ. ಎರಡರ ರೇಶಿಯೋ (ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದ ಲೆಕ್ಕ) ಬೇರೆಯಾದರೆ ಒಣ ರಸ್ತೆಯಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಂಡು ಒದ್ದಾಡುತ್ತದೆ. ಹಲ್ಲು ಎಣಿಸದೆ ದುಡ್ಡು ಕೊಡಬಾರದು. ಮೊದಲು 3.42 ರೇಶಿಯೋ, 29 ಇಂಚಿನ ಟೈರು ಇದ್ದ ಗಾಡಿಗೆ 35 ಇಂಚಿನ ಟೈರು ಹಾಕುವುದಾದರೆ 3.42 × 35 ÷ 29, ಅಂದರೆ 4.13. ಸಿಗುವುದು 4.10, ಸರಿಹೋಯಿತು. ಇಂಜಿನ್ನಿಗೆ ಹೊರೆ ಮೊದಲಿನಷ್ಟೇ, ಸ್ಪೀಡೋಮೀಟರ್ ಕೂಡ ಹೆಚ್ಚುಕಡಿಮೆ ಸರಿಯಾಗೇ ತೋರಿಸುತ್ತದೆ.

ಕೂರಿಸುವುದೇನೂ ಕಷ್ಟವಲ್ಲ. ಅದೇ ತಲೆಮಾರಿನ ಫೋರ್ ವೀಲ್ ಗಾಡಿಯ ಆಕ್ಸಲ್ ಆದರೆ ಸ್ಪ್ರಿಂಗ್ ಸೀಟು ಸರಿಯಾಗಿ ಬಂದು ಕೂರುತ್ತದೆ. 14 ಬೋಲ್ಟ್ ಒಂದೇ ಸುಮಾರು 250 ಕೆ.ಜಿ., ಹಾಗಾಗಿ ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸದೆ ಕೈಹಾಕಬಾರದು. ಹೌಸಿಂಗ್ ದಪ್ಪ ಇರುವುದರಿಂದ, ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿಯುವ ಹಳೆಯ ಯು-ಬೋಲ್ಟ್ ಹಿಡಿಯುವುದಿಲ್ಲ. ಹಿಡಿದರೂ ಹಾಕಬಾರದು, ಒಮ್ಮೆ ಬಿಗಿದ ಯು-ಬೋಲ್ಟ್ ಎಳೆದುಕೊಂಡಿರುತ್ತದೆ.

ಇನ್ನು ಪ್ರೊಪೆಲ್ಲರ್ ಶಾಫ್ಟ್. 14 ಬೋಲ್ಟಿನ ಪಿನಿಯನ್ ಮುಂದಕ್ಕೆ ಚಾಚಿರುವುದರಿಂದ ಹಿಂದಿನ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸಬೇಕು. ಗಾಡಿಯ ಭಾರವೆಲ್ಲ ಚಕ್ರದ ಮೇಲೆ ಬಿದ್ದ ಮೇಲೆ, ಶಾಫ್ಟಿನಲ್ಲಿ ಒಳಹೊರಗೆ ಜಾರುವ ಸ್ಲಿಪ್ ಜಾಯಿಂಟನ್ನು ಅದರ ಓಡಾಟದ ನಡುವಿಗೆ ತಂದು ಅಳತೆ ತೆಗೆಯಬೇಕು. ಜಾಕಿನಲ್ಲಿ ಎತ್ತಿದಾಗ ಅಳೆದರೆ ಶಾಫ್ಟ್ ಉದ್ದವಾಗಿ ಬರುತ್ತದೆ, ಮೊದಲ ಹಳ್ಳದಲ್ಲೇ ಟ್ರಾನ್ಸ್‌ಫರ್ ಕೇಸಿಗೆ ಗುದ್ದುತ್ತದೆ. ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟಿನ (ಯು.ಜೆ.) ಕ್ರಾಸಿನ ಅಳತೆಯೂ ಬೇರೆ: ಹಳೆಯದು ಸಣ್ಣದು, ಅದು ಕೂರುವ ಹೊಸ ಯೋಕಿಗೆ 1350 ಅಳತೆಯದು ಬೇಕಾಗಬಹುದು, ಆಗ ಎರಡು ಅಳತೆಯ ಕಿವಿಗಳಿರುವ ಕ್ರಾಸ್ ಹಾಕುತ್ತಾರೆ. ವೀಲ್‌ಬೇಸ್ ಗಿಡ್ಡ, ಮೇಲಾಗಿ ಗಾಡಿ ಎತ್ತರಿಸಿದ್ದರೆ ಶಾಫ್ಟ್ ಕಡಿದಾಗಿ ಇಳಿಯುತ್ತದೆ. ಎರಡು ತುದಿಗೂ ಒಂದೊಂದೇ ಕ್ರಾಸ್ ಇದ್ದರೆ ಪಿನಿಯನ್ನೂ ಟ್ರಾನ್ಸ್‌ಫರ್ ಕೇಸಿನ ಶಾಫ್ಟೂ ಸಮಾನಾಂತರ ಇರಬೇಕು. ಮೇಲ್ತುದಿಗೆ ಜೋಡಿ ಕ್ರಾಸ್ ಹಾಕಿದರೆ ಪಿನಿಯನ್ ನೇರ ಶಾಫ್ಟಿನ ಕಡೆಗೇ ಮುಖ ಮಾಡಬೇಕು, ಒಂದೆರಡು ಡಿಗ್ರಿ ಮಾತ್ರ ತಗ್ಗಿಸಬೇಕು, ಯಾಕೆಂದರೆ ಎಕ್ಸಲರೇಟರ್ ಒತ್ತಿದಾಗ ಅದು ಮೂತಿ ಎತ್ತುತ್ತದೆ. ಕೋನ ತಿದ್ದಲು ಸ್ಪ್ರಿಂಗ್ ಕೆಳಗೆ ಉಕ್ಕಿನ ಬೆಣೆಯನ್ನೇ ಕೊಡಬೇಕು, ಅಲ್ಯೂಮಿನಿಯಂ ಜಜ್ಜಿಹೋಗುತ್ತದೆ.

ಹಳೆಯ 14 ಬೋಲ್ಟಿನಲ್ಲಿ ಬ್ರೇಕ್ ಡ್ರಮ್ ಹಬ್ಬಿನ ಹಿಂದಿರುತ್ತದೆ. ಲೈನಿಂಗ್ ನೋಡಬೇಕಾದರೂ ಹಬ್ ಇಳಿಸಬೇಕು. ಆದ್ದರಿಂದ ಆಕ್ಸಲ್ ನೆಲದಲ್ಲಿರುವಾಗಲೇ ಸೀಲು, ಲೈನಿಂಗ್, ವೀಲ್ ಸಿಲಿಂಡರ್ ಎಲ್ಲ ಹೊಸದು ಹಾಕಿಬಿಡುವುದು. ಹೌಸಿಂಗಿನ ಬ್ರೀದರ್, ಅಂದರೆ ಗಾಳಿಕಿಂಡಿ, ಕಟ್ಟಿಕೊಂಡಿದ್ದರೆ ಹೊಸ ಸೀಲೂ ಉಳಿಯುವುದಿಲ್ಲ, ಎಣ್ಣೆ ಲೈನಿಂಗಿಗೆ ಇಳಿಯುತ್ತದೆ. ಮುಂದಿನ ಕ್ಯಾಲಿಪರ್ ದೊಡ್ಡದಾದ್ದರಿಂದ ಹಳೆಯ ಮಾಸ್ಟರ್ ಸಿಲಿಂಡರಿನ ಎಣ್ಣೆ ಸಾಲದೆ ಪೆಡಲ್ ಕೆಳಗಿಳಿಯುತ್ತದೆ. ಎಷ್ಟು ಸಲ ಏರ್ ತೆಗೆದರೂ ಅಷ್ಟೇ. ಒಂದು ಟನ್ ಗಾಡಿಯ ಮಾಸ್ಟರ್ ಸಿಲಿಂಡರೇ ಬೇಕು.

ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿಗೆ ಡಾನಾ 60ರಲ್ಲಿ ಬಾಲ್ ಜಾಯಿಂಟ್ ಇಲ್ಲ, ಕಿಂಗ್ ಪಿನ್. ಕೆಳಗೆ ಟೇಪರ್ ಬೇರಿಂಗ್. ಮೇಲಿನ ಪಿನ್ನಿಗೆ ಟೋಪಿಯಂಥ ನೈಲಾನ್ ಬುಷ್, ಅದನ್ನು ಒತ್ತಿಹಿಡಿಯಲು ಒಂದು ದಪ್ಪ ಸ್ಪ್ರಿಂಗ್. ಆ ಬುಷ್ ಸವೆದರೆ ಓಡುವಾಗ ಸ್ಟೀರಿಂಗ್ ಹಿಡಿಯಲಾಗದಷ್ಟು ನಡುಗುತ್ತದೆ. ಜನ ವೀಲ್ ಬ್ಯಾಲೆನ್ಸ್ ಮಾಡಿಸುತ್ತ ಅಲೆಯುತ್ತಾರೆ, ಕಾರಣ ಇಷ್ಟೇ. ಪಿನ್ ಬಿಗಿಯಬೇಕಾದ್ದು 500ರಿಂದ 600 ಫುಟ್-ಪೌಂಡ್, ಉದ್ದ ಪೈಪ್ ಹಾಕಿ ಇಬ್ಬರು ನಿಲ್ಲಬೇಕು.

ಚಕ್ರಕ್ಕೆ ಆರು ಸ್ಟಡ್ಡಿನ ಬದಲು ಎಂಟು, 6.5 ಇಂಚಿನ ವೃತ್ತ. ಹಳೆಯ ಡಿಸ್ಕ್ ಒಂದೂ ಹಾಕಲಾಗುವುದಿಲ್ಲ. 16.5 ಇಂಚಿನ ಹಳೆಯ ಡಿಸ್ಕಿಗೆ ಟೈರ್ ಸಿಗುವುದು ಕಷ್ಟ, 16 ಇಂಚಿನದೇ ತೆಗೆದುಕೊಳ್ಳಬೇಕು. ದೊಡ್ಡ ಟೈರಿನ ಜಗ್ಗಾಟಕ್ಕೆ ಸ್ಟೀರಿಂಗ್ ಬಾಕ್ಸ್ ಕೂತಿರುವ ಕಡೆ ಚಾಸಿ ಬಿರುಕು ಬಿಡುವುದು ಈ ಗಾಡಿಗಳ ಹಳೆಯ ಕಾಯಿಲೆ. ಗ್ರೀಸ್ ಒರೆಸಿ, ಬೋಲ್ಟ್ ತೂತಿನ ಸುತ್ತ ಕೂದಲೆಳೆಯಂಥ ಗೆರೆ ಇದೆಯೇ ಅಂತ ಟಾರ್ಚ್ ಹಿಡಿದು ನೋಡಿ, ಪಟ್ಟಿ ಕೊಟ್ಟು ಗಟ್ಟಿ ಮಾಡಿದ ಮೇಲೆಯೇ ರಸ್ತೆಗೆ ಇಳಿಸಬೇಕು. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟ್ ಇನ್ನೊಮ್ಮೆ ಬಿಗಿಯಬೇಕು.

ಅಲ್ಲಿ ನಿಮ್ಮ ಜೀಪಿನ ಹಿಂದಿನ ಆಕ್ಸಲ್ಲಿನದೂ ಒಂದು ಫೋಟೋ ಕಳಿಸಿ, ಹಬ್ಬಿನ ಮುಖ ಕಾಣುವಂತೆ. ಚಿಕ್ಕಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿಮ್ಮ ಮಗ