ಚಿಕ್ಕಪ್ಪನ ಮಗನ ವಿಷಯ

ನ್ಯೂರೆಂಬರ್ಗ್
9 ನವೆಂಬರ್ 2025

ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ. ಅಮ್ಮ ಕಳಿಸಿದ ಚಟ್ನಿಪುಡಿ ಮುಗಿಯುತ್ತಾ ಬಂತು.

ಅಪ್ಪ, ಚಿಕ್ಕಪ್ಪನ ಮಗ ಐಟಿಐ ಮುಗಿಸಿ ಇಲ್ಲಿಗೇ, ಜರ್ಮನಿಗೇ ಬರ್ತೀನಿ ಅಂತ ಹಟ ಹಿಡಿದಿದ್ದಾನೆ ಅಂದಿರಲ್ಲ. ಯಾರೋ ಏಜೆಂಟ್ ಆರೇ ತಿಂಗಳಲ್ಲಿ ಕಳಿಸ್ತೀನಿ ಅಂದಿದ್ದಾನಂತೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದರೆ ಚಿಕ್ಕಪ್ಪ ಬೇರೆ ಥರ ತಿಳ್ಕೋತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೂ ಓದಿ ಹೇಳಿ.

'ಡಿಪ್ಲೊಮಾ ಮಾಡಿದವಳು ಅಲ್ಲಿಗೆ ಹೋಗಿ ಮತ್ತೆ ಅಪ್ರೆಂಟಿಸಾ?' ಅಂತ ಅವರು ಅವತ್ತು ನಕ್ಕಿದ್ದರು. ಹೌದು, ಅಪ್ರೆಂಟಿಸೇ. ಔಸ್‌ಬಿಲ್ಡುಂಗ್ ಅಂತಾರೆ. ನನ್ನ ಟ್ರೇಡ್‌ಗೆ ಮೂರೂವರೆ ವರ್ಷ. ಕೆಲವು ವಾರ ಫ್ಯಾಕ್ಟರಿ, ಕೆಲವು ವಾರ ವೃತ್ತಿ ಶಾಲೆ. ಶಾಲೆಯಲ್ಲಿ ಕೂತ ದಿನಕ್ಕೂ ಸ್ಟೈಪೆಂಡ್ ಉಂಟು.

ಕಳೆದ ವರ್ಷ ಸೇರಿದಾಗ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ ಮುಂದೆ ನಿಲ್ಲಿಸ್ತಾರೆ ಅಂದುಕೊಂಡಿದ್ದೆ. ಕೊಟ್ಟಿದ್ದು ಒಂದು ಉಕ್ಕಿನ ತುಂಡು, ಒಂದು ಫೈಲ್, ಅದೇ ಉಜ್ಜೋ ಅರ. ವೈಸ್‌ನಲ್ಲಿ ಬಿಗಿದು ವಾರಗಟ್ಟಲೆ ಉಜ್ಜಿದ್ದೇ ಉಜ್ಜಿದ್ದು. ಉಜ್ಜಿದ ಮುಖದ ಮೇಲೆ ಚೂಪು ಅಂಚಿನ ಸ್ಟ್ರೈಟ್ ಎಡ್ಜ್ ಇಟ್ಟು ಬೆಳಕಿಗೆ ಹಿಡೀಬೇಕು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಸಾಕು, ಕಲಿಸುವ ಮೈಸ್ಟರ್ ಬಯ್ಯೋದಿಲ್ಲ, ಸುಮ್ನೆ ತುಂಡನ್ನು ವಾಪಸ್ ಕೈಗಿಡ್ತಾರೆ. ಎಚ್‌ಎಂಟಿಯಲ್ಲಿ ಟ್ರೈನಿಂಗ್ ಕಾಲಕ್ಕೆ ಹೀಗೇ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಎದ್ದ ಕತೆ ನೀವು ಹೇಳುತ್ತಿದ್ದಿರಲ್ಲ ಅಪ್ಪ, ಈಗ ನಂಬಿದೆ.

ನಮ್ಮ ಮನೆ ಅನ್ನಕ್ಕೂ ಹೊರದೇಶದ ಪಾಠಕ್ಕೂ ಹಳೇ ನಂಟು, ಅಲ್ವಾ? 1953ರಲ್ಲಿ ಎಚ್‌ಎಂಟಿ ಶುರುವಾದಾಗ ಜೊತೆಗಿದ್ದವರು ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯವರು. ಆಮೇಲೆ ವಾಚಿಗೆ ಜಪಾನಿನ ಸಿಟಿಜನ್. ನಾನು ಓದಿದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು. ಆಗ ಕಲಿಸೋರು ನಮ್ಮಲ್ಲಿಗೆ ಬರುತ್ತಿದ್ದರು, ಈಗ ಕಲಿಯೋರು ಇಲ್ಲಿಗೆ ಬರುತ್ತಿದ್ದೇವೆ.

ಇದೇನೂ ಇವರ ಧರ್ಮಕಾರ್ಯ ಅಲ್ಲ. ಇಲ್ಲಿ ವಯಸ್ಸಾದವರು ಜಾಸ್ತಿ. ರಿಟೈರ್ ಆದವರ ಜಾಗಕ್ಕೆ ಹುಡುಗರು ಸಿಗುತ್ತಿಲ್ಲ. ಅದಕ್ಕೇ 2022ರ ಡಿಸೆಂಬರಿನಲ್ಲಿ ಭಾರತ, ಜರ್ಮನಿ ಎರಡೂ ದೇಶದವರು ವಲಸೆ ಒಪ್ಪಂದಕ್ಕೆ ಸಹಿ ಹಾಕಿದರು. 2024ರ ಅಕ್ಟೋಬರಿನಲ್ಲಿ, ಕೆಲಸ ಬಲ್ಲ ಭಾರತೀಯರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸ್ತೀವಿ ಅಂದರು. ಏಜೆಂಟರು ಈ 90,000 ಹಿಡಿದುಕೊಂಡೇ ಕುಣೀತಾರೆ. ಅದು ಸರ್ಕಾರದ ಲೆಕ್ಕ. ಹುಡುಗನನ್ನು ತಗೊಳ್ಳೋದು ಬಿಡೋದು ಕಂಪನಿ.

ನನಗೆ ಇಲ್ಲಿ ಹಿಡಿಸಿದ್ದು ಕಾನೂನು. ಮೆಷಿನ್ ಬಿಡಿ, ಇಂಥವು ಪೀಣ್ಯದಲ್ಲೂ ಇವೆ. ಕಲಿಕೆಗೆ ಸಂಬಂಧ ಇಲ್ಲದ ಕೆಲಸವನ್ನು ಟ್ರೈನಿಗೆ ಹಚ್ಚುವ ಹಾಗಿಲ್ಲ. ಕಲಿಸೋಕೂ ಒಂದು ಅರ್ಹತೆ ಬೇಕು, ಅದಕ್ಕೂ ಪರೀಕ್ಷೆ ಉಂಟು. ನನ್ನ ಕರಾರು ಪತ್ರ ಈ ಊರಿನ ಚೇಂಬರ್ ಆಫ್ ಕಾಮರ್ಸ್‌ನಲ್ಲಿ ದಾಖಲಾಗಿದೆ, ಪರೀಕ್ಷೆ ನಡೆಸೋರೂ ಅವರೇ. ಕಲಿತದ್ದನ್ನೆಲ್ಲ ಬರೆದಿಟ್ಟು ಕಂಪನಿಯ ಸಹಿ ಹಾಕಿಸಬೇಕು. ಆ ಪುಸ್ತಕ ಇಲ್ಲದಿದ್ದರೆ ಕೊನೇ ಪರೀಕ್ಷೆಗೆ ಕೂರಿಸೋದಿಲ್ಲ. ಊರಲ್ಲಿ ಡಿಪ್ಲೊಮಾ ಮುಗಿಸಿ ಒಂದು ವರ್ಕ್‌ಶಾಪಿನಲ್ಲಿ ಟ್ರೈನಿ ಆಗಿದ್ದೆನಲ್ಲ, ಅಲ್ಲಿ ನಾನು ಮಾಡಿದ್ದು ಚಲನ್ ಬರೆಯೋದು, ಟೀ ಹೇಳೋದು. ನಮ್ಮ ಐಟಿಐಗಳಲ್ಲೂ ಇವರ ಮಾದರಿ ನೋಡಿ ಅರ್ಧ ಕ್ಲಾಸು ಅರ್ಧ ಫ್ಯಾಕ್ಟರಿ ಅಂತ ಮಾಡಿದ್ದಾರೆ. ಒಳ್ಳೇದೇ. ಆದರೆ ಫ್ಯಾಕ್ಟರಿ ಒಳಗೆ ಹೋದ ಮೇಲೆ ಕಲಿಸೋದು ಬಿಡೋದು, ನಾನು ಕಂಡ ಮಟ್ಟಿಗೆ, ಓನರ್ ಮನಸ್ಸು.

ಇನ್ನೊಂದು ಖುಷಿ ಸುದ್ದಿ. ನಮ್ಮ ಶಾಪಿನಲ್ಲಿ ಒಬ್ಬರು ಎಡಚರು. ಸಣ್ಣ ಪಾರ್ಟ್‌ಗಳ ಅಂಚಿನ ಚೂಪು ಚೂರು (ಬರ್) ತೆಗೆಯುವಾಗ ಹಿಡಿಯುವ ಕ್ಲಾಂಪ್ ಅವರ ಕೈಗೆ ಕೂರುತ್ತಲೇ ಇರಲಿಲ್ಲ. ನಾನು, ಒಬ್ಬ ವಿಯೆಟ್ನಾಂ ಹುಡುಗ, ಒಬ್ಬಳು ಇಲ್ಲಿಯವಳೇ, ಮೂವರೂ ಸೇರಿ ಹಿಡಿಯನ್ನು ಎರಡೂ ಕಡೆ ತಿರುಗಿಸಬಹುದಾದ ಕ್ಲಾಂಪ್ ಮಾಡಿದೆವು. ಡ್ರಾಯಿಂಗ್ ನಂದು. ಈಗ ಲೈನ್‌ನಲ್ಲಿ ಅದನ್ನೇ ಬಳಸುತ್ತಿದ್ದಾರೆ.

ಕಷ್ಟವೂ ಇದೆ. ಇಲ್ಲಿಯವರ ಮಾತು ಕ್ಲಾಸಿನ ಜರ್ಮನ್ ಅಲ್ಲವೇ ಅಲ್ಲ. ಭಾನುವಾರ ಅಂಗಡಿ ಬಂದ್. ನಿವಾಸದ ಕಾರ್ಡಿಗೆ ತಿಂಗಳುಗಟ್ಟಲೆ ಕಾದೆ. ದುಡ್ಡು ಹೇಳ್ತೀನಿ ಕೇಳಿ: 2025ರಲ್ಲಿ ಸೇರುವವರಿಗೆ ಮೊದಲ ವರ್ಷ ಕಾನೂನಿನ ಪ್ರಕಾರ ತಿಂಗಳಿಗೆ ಕನಿಷ್ಠ 682 ಯೂರೊ. ಕೆಲವು ಕಂಪನಿಗಳು ಜಾಸ್ತಿ ಕೊಡುತ್ತವೆ, ವರ್ಷ ವರ್ಷ ಏರುತ್ತೆ. ಆದರೂ ರೂಮ್ ಬಾಡಿಗೆ ಕಟ್ಟಿ ಮನೆಗೆ ಕಳಿಸುವಷ್ಟು ಉಳಿಯುತ್ತೆ ಅಂತ ಚಿಕ್ಕಪ್ಪ ಲೆಕ್ಕ ಹಾಕಿದ್ದರೆ, ಆ ಲೆಕ್ಕ ಈಗಲೇ ಬಿಡಲಿ. ಸ್ಟೈಪೆಂಡ್ ಸಾಲದಿದ್ದರೆ ವೀಸಾಗೆ ಕೈಯಿಂದ ದುಡ್ಡು ತೋರಿಸಬೇಕಾಗುತ್ತೆ.

ಹಾಗಾದರೆ ಕಳಿಸೋದಾ? ನನ್ನ ಮಾತು ಕೇಳಿದರೆ, ಕಳಿಸಿ, ಆದರೆ ಈ ವರ್ಷ ಬೇಡ. ಮೊದಲು ಬಿ1 ಅನ್ನೋ ಮಟ್ಟದ ಜರ್ಮನ್ ಭಾಷಾ ಪರೀಕ್ಷೆ ಪಾಸಾಗಲಿ. ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಸೇರಿಸಿ. ಅವನು ಕನ್ನಡ ಪತ್ರಿಕೆಯನ್ನೇ ಪೂರ್ತಿ ಓದೋನಲ್ಲ, ಒಂದು ವರ್ಷವಂತೂ ಬೇಕು. 'ಮೇಕ್ ಇಟ್ ಇನ್ ಜರ್ಮನಿ' ಅನ್ನೋದು ಜರ್ಮನ್ ಸರ್ಕಾರದ್ದೇ ವೆಬ್‌ಸೈಟ್, ಎಲ್ಲ ವಿವರ ಅಲ್ಲಿದೆ. ಕಂಪನಿಗಳಿಗೆ ಅವನೇ ಅರ್ಜಿ ಹಾಕಲಿ, ಜರ್ಮನ್ ನಾನು ತಿದ್ದಿ ಕೊಡ್ತೀನಿ. ಬ್ಯಾಚ್ ಶುರುವಾಗೋದು ಹೆಚ್ಚಾಗಿ ಸೆಪ್ಟೆಂಬರಿಗೆ, ಟೈಮ್ ಇದೆ. ಏಜೆಂಟನಿಗೆ ಅಡ್ವಾನ್ಸ್ ಅಂತ ಒಂದು ರೂಪಾಯಿಯೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ರಸೀದಿ ಫೋಟೋ ತೆಗೆದು ನನಗೆ ಕಳಿಸಿ.

ನನ್ನ ಪರೀಕ್ಷೆಯ ಮೊದಲ ಭಾಗ ಮುಂದಿನ ವರ್ಷ ಇದೆ, ಒಟ್ಟು ಅಂಕದಲ್ಲಿ ಶೇ. 40 ಅದರದ್ದೇ. ಈಗಿಂದಲೇ ಓದುತ್ತಿದ್ದೇನೆ. ಬರೋ ಭಾನುವಾರ ಚಿಕ್ಕಪ್ಪನನ್ನೂ ಅವನನ್ನೂ ಮನೆಗೆ ಕರೆಸಿ, ಸಂಜೆ ಆರೂವರೆಗೆ ಫೋನ್ ಮಾಡ್ತೀನಿ. ನನಗಾಗ ಮಧ್ಯಾಹ್ನ ಎರಡು ಗಂಟೆ, ಊಟ ಮುಗಿದಿರುತ್ತೆ.

ನಿಮ್ಮ ಮಗಳು